ಮಡಿಕೇರಿಯ ಮಳೆಯಲ್ಲೊಂದು ಕಡಲು: ರೀಫ್ ಟ್ಯಾಂಕಿನ ನೈಟ್ರೇಟ್ ಇಳಿಸುವ ಸಮಗ್ರ ಮಾರ್ಗದರ್ಶಿ

ಮೂರು ತಿಂಗಳು ನನ್ನ ಟ್ಯಾಂಕಿನ ನೈಟ್ರೇಟ್ 35 ಪಿಪಿಎಂನಲ್ಲೇ, ಅಂದರೆ ಲೀಟರಿಗೆ 35 ಮಿಲಿಗ್ರಾಂನಲ್ಲೇ ಕೂತಿತ್ತು. ರೀಫ್ ಟ್ಯಾಂಕ್ ಎಂದರೆ ಮನೆಯಲ್ಲಿ ಹವಳ, ಮೀನು ಸಾಕುವ ಉಪ್ಪುನೀರಿನ ಗಾಜಿನ ಪೆಟ್ಟಿಗೆ; ನೈಟ್ರೇಟ್ ಎಂದರೆ ಅದರ ನೀರಿನಲ್ಲಿ ಸೇರುತ್ತಾ ಹೋಗಿ ಪಾಚಿಗೆ ಗೊಬ್ಬರವಾಗುವ ಸಾರಜನಕದ ಲವಣ. ಪ್ರತಿ ಭಾನುವಾರ 200 ಲೀಟರಿನಲ್ಲಿ 40 ಲೀಟರ್ ತೆಗೆದು ಹೊಸ ಉಪ್ಪುನೀರು ಹಾಕುತ್ತಿದ್ದೆ. ಮೀನಿನ ತಿಂಡಿ ಅರ್ಧಕ್ಕಿಳಿಸಿದೆ. ಯಾರೋ ಹೇಳಿದರೆಂದು ದುಬಾರಿ ಬಾಟಲಿಯೊಂದನ್ನು ಬೆಂಗಳೂರಿನಿಂದ ತರಿಸಿ ಸುರಿದೆ. ಮತ್ತೆ ಶನಿವಾರ ಸಂಜೆ ಪರೀಕ್ಷೆ ಮಾಡಿದರೆ ಗಾಜಿನ ಕೊಳವೆಯಲ್ಲಿ ಅದೇ ಕೆಂಪು. ಕೊನೆಗೆ ಕಳ್ಳ ಸಿಕ್ಕಿದ್ದು ಅಡುಗೆಮನೆ ಗೋಡೆಯ ಮೇಲೆ. ಆ ಕತೆ ಮುಂದೆ ಬರುತ್ತದೆ. ಅದರಿಂದ ಕಲಿತದ್ದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ: ನೈಟ್ರೇಟ್ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವ ತನಕ ಅದನ್ನು ಇಳಿಸಲು ಹೊರಡಬೇಡಿ.

ಎಷ್ಟಿದ್ದರೆ ಸರಿ

ಹವಳ ಬೆಳೆಯುವ ಕಡಲಿನ ಮೇಲ್ನೀರಿನಲ್ಲಿ ನೈಟ್ರೇಟ್ 1 ಪಿಪಿಎಂಗಿಂತ ಎಷ್ಟೋ ಕಡಿಮೆ ಇರುತ್ತದೆ. ಹಾಗೆಂದು ಟ್ಯಾಂಕಿನಲ್ಲಿ ಸೊನ್ನೆಗೆ ತರಲು ಹೋಗಬೇಡಿ. ಕಡಲಿನಲ್ಲಿ ಹವಳಕ್ಕೆ ಹಗಲಿರುಳೂ ಸೂಕ್ಷ್ಮ ಜೀವಿಗಳ ಊಟ ಸಿಗುತ್ತಿರುತ್ತದೆ, ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಅದಿಲ್ಲ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಮುಟ್ಟಿದ ಟ್ಯಾಂಕಿನಲ್ಲಿ ಹವಳ ಬಿಳಿಚಿಕೊಳ್ಳುತ್ತದೆ, ಮರಳಿನ ಮೇಲೆ ಕಂದು ಲೋಳೆಯಂತಹ ಡೈನೊಫ್ಲಾಜೆಲೇಟ್ ಹಬ್ಬುತ್ತದೆ. ಸಾಮಾನ್ಯ ಪಾಚಿಗಿಂತ ಅದನ್ನು ಓಡಿಸುವುದು ಕಷ್ಟ.

ನನ್ನ ಲೆಕ್ಕದಲ್ಲಿ 2ರಿಂದ 10 ಪಿಪಿಎಂ ಒಳ್ಳೆಯ ಜಾಗ. ಮಶ್ರೂಮ್, ಜೊಯಾಂಥಿಡ್, ಲೆದರ್‌ನಂತಹ ಮೃದು ಹವಳಗಳಷ್ಟೇ ಇದ್ದರೆ 20ರ ತನಕ ಚಿಂತೆಯಿಲ್ಲ. 40 ದಾಟಿದರೆ ಕೂದಲು ಪಾಚಿ ಕಲ್ಲಿನ ಮೇಲೆ ಹುಲ್ಲಿನ ಹಾಗೆ ಬರುತ್ತದೆ, ಹವಳದ ಬಣ್ಣ ಕಂದಿಗೆ ತಿರುಗುತ್ತದೆ. ಮೀನುಗಳು ಇದಕ್ಕಿಂತ ಹೆಚ್ಚಿಗೆ ತಡೆದುಕೊಳ್ಳುತ್ತವೆ, ಆದ್ದರಿಂದ ಮೀನು ಚೆನ್ನಾಗಿ ಈಜುತ್ತಿದೆ ಎಂಬುದನ್ನು ಸಾಕ್ಷಿಯಾಗಿ ಹಿಡಿಯಬೇಡಿ.

ಮೊದಲ ಹೆಜ್ಜೆ: ಕಿಟ್ ಸುಳ್ಳು ಹೇಳುತ್ತಿದೆಯೇ ನೋಡಿ

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬೆಲ್ಟಿಗೂ ಬೂಸ್ಟು ಬರುತ್ತದೆ, ಚಪ್ಪಲಿಗೂ ಬರುತ್ತದೆ. ಟೆಸ್ಟ್ ಕಿಟ್ಟಿನ ಪುಡಿ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಮುಚ್ಚಳ ಸರಿಯಾಗಿ ಕೂರದಿದ್ದರೆ ಪುಡಿ ಗಂಟು ಕಟ್ಟಿ ಬಣ್ಣ ತಿಳಿಯಾಗಿ ಬರುತ್ತದೆ, ನಾವು ನೈಟ್ರೇಟ್ ಇಳಿಯಿತೆಂದು ಖುಷಿಪಡುತ್ತೇವೆ. ಕಿಟ್ಟನ್ನು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಜೊತೆಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟುಕೊಳ್ಳಿ.

ಎಪಿಐ ಎಂಬ ಕಂಪನಿಯ ಕಿಟ್ ಬಳಸುವವರು ಎರಡನೇ ಬಾಟಲಿಯನ್ನು ಪೂರ್ತಿ 30 ಸೆಕೆಂಡ್ ಜೋರಾಗಿ ಕುಲುಕಬೇಕು, ಹನಿ ಹಾಕಿದ ಮೇಲೆ ಕೊಳವೆಯನ್ನು ಇನ್ನೊಂದು ನಿಮಿಷ ಕುಲುಕಿ ಐದು ನಿಮಿಷ ಕಾಯಬೇಕು. ಬಾಟಲಿಯ ತಳದಲ್ಲಿ ಕೂತ ಪುಡಿ ಮೇಲೇಳದಿದ್ದರೆ ಎಲ್ಲವೂ ಸೊನ್ನೆಯ ಕಡೆಗೇ ತೋರಿಸುತ್ತದೆ. ಮೋಡದ ದಿನ ಕಿಟಕಿಯ ಬೆಳಕಿನಲ್ಲಿ ಬಣ್ಣ ಹೋಲಿಸಿದರೆ ಒಂದು ಲೆಕ್ಕ, ಟ್ಯಾಂಕಿನ ನೀಲಿ ಲೈಟಿನಲ್ಲಿ ಹೋಲಿಸಿದರೆ ಇನ್ನೊಂದು. ಒಂದೇ ಬಿಳಿ ಬಲ್ಬಿನ ಕೆಳಗೆ, ಒಂದೇ ಹೊತ್ತಿಗೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನೂ ಮೂರು ಎಡವಟ್ಟುಗಳಿವೆ. ಕೆಲವು ಕಿಟ್ ಮತ್ತು ಮೀಟರ್‌ಗಳು ನೈಟ್ರೇಟ್ ಬದಲು ನೈಟ್ರೇಟ್-ನೈಟ್ರೋಜನ್ ಲೆಕ್ಕ ಕೊಡುತ್ತವೆ, ಅದನ್ನು 4.43ರಿಂದ ಗುಣಿಸಬೇಕು. ಅಂದರೆ ಅಲ್ಲಿ 5 ಎಂದಿದ್ದರೆ ನಿಮ್ಮ ನೈಟ್ರೇಟ್ 22. ಟ್ಯಾಂಕ್ ಹೊಸದಾಗಿದ್ದು ನೈಟ್ರೈಟ್ ಇನ್ನೂ ಇಳಿದಿಲ್ಲವಾದರೆ ಕಿಟ್ ನೈಟ್ರೇಟನ್ನು ಬಹಳ ಹೆಚ್ಚಿಗೆ ತೋರಿಸುತ್ತದೆ, ನೈಟ್ರೈಟ್ ಹೋಗುವ ತನಕ ಆ ಅಂಕಿಯನ್ನು ನಂಬಬೇಡಿ. ಬಣ್ಣದ ಪಟ್ಟಿಯ ಕೊನೆಯ ಕೆಂಪನ್ನೂ ಮೀರಿದರೆ ಒಂದು ಪಾಲು ಟ್ಯಾಂಕ್ ನೀರಿಗೆ ನಾಲ್ಕು ಪಾಲು ಶುದ್ಧ ನೀರು ಬೆರೆಸಿ ಪರೀಕ್ಷಿಸಿ, ಬಂದದ್ದನ್ನು 5ರಿಂದ ಗುಣಿಸಿ.

ಎರಡನೇ ಹೆಜ್ಜೆ: ಒಳಗೆ ಹೋಗುವ ನೀರನ್ನು ಪರೀಕ್ಷಿಸಿ

ನನ್ನ ಮೂರು ತಿಂಗಳು ನುಂಗಿದ್ದು ಇದೇ.

ನಮ್ಮ ಮನೆ ಬಾವಿ ಕಾಫಿ ತೋಟದ ಕೆಳಗಿನ ಇಳಿಜಾರಿನಲ್ಲಿದೆ. ಕೊಡಗಿನ ನೀರು ಮೆದು, ಟಿಡಿಎಸ್ ಪೆನ್ ಅದ್ದಿದರೆ ಬಾವಿ ನೀರೇ 70 ತೋರಿಸುತ್ತದೆ. ಬಯಲುಸೀಮೆಯ ಬೋರ್‌ವೆಲ್ಲಿನವರು ಇದನ್ನು ಕೇಳಿದರೆ ಹೊಟ್ಟೆಕಿಚ್ಚು ಪಡುತ್ತಾರೆ. ಅಡುಗೆಮನೆಯ ಆರ್‌ಒ ಫಿಲ್ಟರ್‌ನಿಂದ ಬರುವ ನೀರು 30. ಮೂವತ್ತೇ ತಾನೇ ಎಂದು ನಾನು ಅದರಲ್ಲೇ ಉಪ್ಪು ಕಲಸುತ್ತಿದ್ದೆ. ಒಂದು ದಿನ ಟ್ಯಾಂಕ್ ನೀರಿನ ಪಕ್ಕದಲ್ಲೇ, ಸುಮ್ಮನೆ ಕುತೂಹಲಕ್ಕೆ, ಫಿಲ್ಟರ್ ನೀರನ್ನೂ ಕೊಳವೆಗೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ಅದೂ ಕಿತ್ತಳೆಗೆ ತಿರುಗಿತು. 15 ಪಿಪಿಎಂ.

ಟಿಡಿಎಸ್ ಪೆನ್ ನೀರಿನಲ್ಲಿ ಎಷ್ಟು ಕರಗಿದೆ ಎಂದು ಹೇಳುತ್ತದೆ, ಏನು ಕರಗಿದೆ ಎಂದು ಹೇಳುವುದಿಲ್ಲ. ನನ್ನ 30ರಲ್ಲಿ ಅರ್ಧ ನೈಟ್ರೇಟೇ ಆಗಿತ್ತು. ಮನೆಯಲ್ಲಿ ಕುಡಿಯಲು ಹಾಕಿಸುವ ಹಲವು ಆರ್‌ಒ ಫಿಲ್ಟರ್‌ಗಳಲ್ಲಿ ರುಚಿಗೆಂದು ಟಿಡಿಎಸ್ ಹೊಂದಿಸುವ ತಿರುಪು ಇರುತ್ತದೆ. ಅದು ಮಾಡುವ ಕೆಲಸ ಇಷ್ಟೇ, ಶುದ್ಧವಾದ ನೀರಿಗೆ ಒಂದಿಷ್ಟು ಬಾವಿ ನೀರನ್ನು ಹಾಗೆಯೇ ಬೆರೆಸುವುದು. ತೋಟಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ನೈಟ್ರೇಟಾಗಿ, ಮಳೆ ನೀರಿನೊಡನೆ ಕೆಳಗಿಳಿದು ಬಾವಿ ಸೇರಿದೆ, ಅಲ್ಲಿಂದ ಆ ತಿರುಪಿನ ದಾರಿಯಾಗಿ ನನ್ನ ಹವಳದ ಮೇಲೆ ಬಂದಿದೆ. ಕುಡಿಯುವ ನೀರಿನಲ್ಲಿ ನೈಟ್ರೇಟಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹಾಗಾಗಿ ನಮಗೆ ಕುಡಿಯಲು ತೊಂದರೆಯೇನೂ ಇಲ್ಲ, ರೀಫಿಗೆ ಮಾತ್ರ ಅದು ವಾರವಾರವೂ ಗೊಬ್ಬರ. ಮೇ ತಿಂಗಳ ಗೊಬ್ಬರ ಹಾಕಿ ಮೊದಲ ಜೋರು ಮಳೆ ಬಿದ್ದ ಮೇಲೆ ನಮ್ಮ ಬಾವಿಯಲ್ಲಿ ಅಂಕಿ ಏರುವುದನ್ನು ಆಮೇಲೆ ನಾನೇ ಎರಡು ವರ್ಷ ಬರೆದಿಟ್ಟಿದ್ದೇನೆ.

ಪರಿಹಾರ: ಟ್ಯಾಂಕಿಗೆಂದೇ ಬೇರೆ ಆರ್‌ಒ ಮೆಂಬ್ರೇನ್, ಅದನ್ನು ದಾಟಿ ಬಂದ ನೀರಿಗೆ ಡಿಐ ರೆಸಿನ್, ಅಂದರೆ ಉಳಿದ ಲವಣ ಹಿಡಿಯುವ ಸಣ್ಣ ಮಣಿಗಳ ಫಿಲ್ಟರ್. ಮೆಂಬ್ರೇನ್ ಒಂದೇ ನೈಟ್ರೇಟನ್ನು ಪೂರ್ತಿ ತಡೆಯುವುದಿಲ್ಲ, ಉಳಿದದ್ದನ್ನು ರೆಸಿನ್ ಹಿಡಿಯುತ್ತದೆ. ಹೊರಬರುವ ನೀರಿನ ಟಿಡಿಎಸ್ 0 ಇರಬೇಕು, 1 ಬಂತೆಂದರೆ ರೆಸಿನ್ ಬದಲಿಸುವ ಕಾಲ ಬಂತು. ಇಲ್ಲಿ ಜಿಪುಣತನ ಬೇಡ.

ಮಳೆ ನೀರು ಹಿಡಿಯಬಹುದೇ ಎಂದು ನಮ್ಮ ಊರಿನಲ್ಲಿ ಎಲ್ಲರೂ ಕೇಳುತ್ತಾರೆ. ಇಷ್ಟು ಮಳೆ ಸುರಿಯುವಾಗ ಕೇಳದೆ ಇರುವುದು ಹೇಗೆ? ಸತು ಬಳಿದ ತಗಡಿನ ಮಾಡಿನಿಂದ ಇಳಿಯುವ ನೀರಿನಲ್ಲಿ ಸತು ಬರುತ್ತದೆ, ಸೀಗಡಿ, ಬಸವನಹುಳು, ಹವಳಕ್ಕೆ ಅದು ವಿಷ. ಹೆಂಚಿನ ಮಾಡಾದರೆ ಪಾಚಿ, ಎಲೆ, ಮಂಗನ ಹಿಕ್ಕೆ. ಮಳೆ ನೀರನ್ನೂ ಆರ್‌ಒ, ಡಿಐ ದಾಟಿಸಿಯೇ ಬಳಸಿ.

ಇನ್ನು ಮಂಗಳೂರಿಗೆ ಹೋದಾಗ ಕ್ಯಾನಿನಲ್ಲಿ ಕಡಲ ನೀರು ತುಂಬಿಸಿಕೊಂಡು ಬರುವ ಆಸೆ. ಮಳೆಗಾಲದಲ್ಲಂತೂ ಬೇಡವೇ ಬೇಡ. ನೇತ್ರಾವತಿ ಕೆಂಪಗೆ ತುಂಬಿ ಬಂದು ದಡದ ನೀರಿನ ಉಪ್ಪನ್ನು ತೆಳು ಮಾಡಿರುತ್ತದೆ. ನಮ್ಮ ಪುಷ್ಪಗಿರಿ ಕಡೆಯಿಂದ ಇಳಿಯುವ ಕುಮಾರಧಾರೆಯೂ ಉಪ್ಪಿನಂಗಡಿಯಲ್ಲಿ ಅದನ್ನೇ ಸೇರುತ್ತದೆ, ಅಷ್ಟು ದೂರ ಹೋಗಿ ನಮ್ಮ ಬೆಟ್ಟದ ನೀರನ್ನೇ ಹೊತ್ತು ತಂದಂತಾಯಿತು. ಸಾಲದ್ದಕ್ಕೆ ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣೀರು ಮೇಲೆ ಬರುತ್ತದೆ, ಅದರೊಡನೆ ನೈಟ್ರೇಟೂ ಬರುತ್ತದೆ. ಮೀನುಗಾರರಿಗೆ ಒಳ್ಳೆಯದು, ನಮಗಲ್ಲ. ದಡದಲ್ಲಿ ಸಿಕ್ಕ ಹವಳದ ಕಲ್ಲನ್ನೂ ಎತ್ತಿಕೊಂಡು ಬರಬೇಡಿ. ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಅಂದರೆ ಹುಲಿ, ಆನೆಗಳ ಸಾಲಿನಲ್ಲಿ.

ಮೂರನೇ ಹೆಜ್ಜೆ: ವಾರದ ಏರಿಕೆ ಲೆಕ್ಕ ಹಾಕಿ

ನೀರು ಬದಲಿಸಿದ ದಿನ ಒಮ್ಮೆ, ಏಳು ದಿನ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಿ. ನಡುವಿನ ವ್ಯತ್ಯಾಸವೇ ನಿಮ್ಮ ಟ್ಯಾಂಕಿನ ವಾರದ ಆದಾಯ. ನನ್ನದು 4 ಪಿಪಿಎಂ.

ಈಗ ನೋಡಿ. ವಾರಕ್ಕೆ 4 ಏರುತ್ತದೆ, ನಾನು ಶೇಕಡಾ 20 ಬದಲಿಸುತ್ತೇನೆ, ಹೊಸ ನೀರಿನಲ್ಲಿ ನೈಟ್ರೇಟ್ ಸೊನ್ನೆ ಎಂದುಕೊಳ್ಳಿ. ಅಂಕಿ 20ಕ್ಕೆ ಬಂದು ನಿಲ್ಲುತ್ತದೆ: ಬದಲಿಸಿದ ದಿನ 16, ವಾರದ ಕೊನೆಗೆ ಮತ್ತೆ 20. ವರ್ಷವಿಡೀ ಹೀಗೇ ಮಾಡಿದರೂ ಅದಕ್ಕಿಂತ ಕೆಳಗಿಳಿಯುವುದಿಲ್ಲ. ಹೊಸ ನೀರಿನಲ್ಲೇ 15 ಇದ್ದರೆ? 35ರಿಂದ ಐದನೇ ಒಂದು ಭಾಗ ತೆಗೆದರೆ 28, ಹೊಸ ನೀರು ತಂದದ್ದು 3, ವಾರದ ಏರಿಕೆ 4. ಮತ್ತೆ 35. ಹಳೆಯ ಡೈರಿಯ ಹಿಂಬದಿಯಲ್ಲಿ ಈ ಲೆಕ್ಕ ಬರೆದ ದಿನ ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಆ ನಾಲ್ಕು ಎಲ್ಲಿಂದ ಬಂತು? ತಿಂಡಿಯಿಂದ. ಒಂದು ಗ್ರಾಂ ಒಣ ತಿಂಡಿಯಲ್ಲಿ ಅರ್ಧ ಪ್ರೊಟೀನ್ ಇದ್ದರೆ, ಪ್ರೊಟೀನಿನಲ್ಲಿ ಶೇಕಡಾ 16ರಷ್ಟು ಸಾರಜನಕ. ಅದೆಲ್ಲ ಅಮೋನಿಯಾ, ನೈಟ್ರೈಟ್ ಆಗಿ ಕೊನೆಗೆ ನೈಟ್ರೇಟಾದರೆ ಸುಮಾರು 350 ಮಿಲಿಗ್ರಾಂ. 200 ಲೀಟರಿನಲ್ಲಿ ಅದು 1.75 ಪಿಪಿಎಂ. ಒಂದೇ ಗ್ರಾಂ! ಮಕ್ಕಳು ಪ್ರೀತಿಯಿಂದ ಹಾಕುವ ಒಂದು ಚಿಟಿಕೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ.

ನಾಲ್ಕನೇ ಹೆಜ್ಜೆ: ಕೊಳೆಯುವ ಮೊದಲೇ ತೆಗೆಯಿರಿ

ಮೀನು ಎರಡು ನಿಮಿಷದಲ್ಲಿ ಮುಗಿಸುವಷ್ಟೇ ತಿಂಡಿ ಹಾಕಿ. ಫ್ರೋಜನ್ ಮೈಸಿಸ್ (ಸೀಗಡಿಯಂತಹ ಪುಟ್ಟ ಜೀವಿ) ಹಾಕುವವರು ಕರಗಿಸಿ, ಟೀ ಸೋಸುವ ಜಾಲರಿಯಲ್ಲಿ ತೊಳೆದು, ಆ ನೀರನ್ನು ಚೆಲ್ಲಿ.

ಫಿಲ್ಟರ್ ಸಾಕ್ಸನ್ನು, ಅಂದರೆ ನೀರಿನ ಕಸ ಸೋಸುವ ಬಟ್ಟೆ ಚೀಲವನ್ನು, ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ವಾರಗಟ್ಟಲೆ ಬಿಟ್ಟ ಸಾಕ್ಸ್, ಸ್ಪಂಜುಗಳು ಕಸ ಹಿಡಿದಿಟ್ಟುಕೊಂಡು ಅಲ್ಲೇ ನೈಟ್ರೇಟ್ ಮಾಡುತ್ತಿರುತ್ತವೆ. ಮಳೆಗಾಲದಲ್ಲಿ ಸಾಕ್ಸ್ ಒಣಗುವುದೇ ಇಲ್ಲ, ಆದ್ದರಿಂದ ನಾನು ಆರು ಇಟ್ಟುಕೊಂಡಿದ್ದೇನೆ. ಒಲೆಯ ಮೇಲಿನ ಅಟ್ಟದಲ್ಲಿ ಮೆಣಸಿನ ಪಕ್ಕ ಒಣಗಿಸಲು ಹೋಗಿ ಅಮ್ಮನಿಂದ ಬೈಸಿಕೊಂಡದ್ದೂ ಆಗಿದೆ. ಹೊಗೆ ಹಿಡಿದ ಸಾಕ್ಸ್ ಟ್ಯಾಂಕಿಗೂ ಒಳ್ಳೆಯದಲ್ಲ.

ಸ್ಕಿಮ್ಮರ್ ನೈಟ್ರೇಟನ್ನು ತೆಗೆಯುವುದಿಲ್ಲ. ನೈಟ್ರೇಟ್ ಆಗಬೇಕಿದ್ದ ಕೊಳೆಯನ್ನು ಮೊದಲೇ ನೊರೆಯಲ್ಲಿ ಎತ್ತುತ್ತದೆ. ಅದರ ಕುತ್ತಿಗೆಯಲ್ಲಿ ಜಿಡ್ಡು ಕೂತರೆ ನೊರೆ ಮೇಲೇರುವುದಿಲ್ಲ, ವಾರಕ್ಕೆರಡು ಬಾರಿ ಒರೆಸಿ. ಕಲ್ಲಿನ ಸಂದಿಯ ಕಸವನ್ನು ದಪ್ಪ ಸಿರಿಂಜಿನಿಂದ ಊದಿ ಎಬ್ಬಿಸಿ, ನೀರು ಬದಲಿಸುವಾಗ ಪೈಪಿನಲ್ಲಿ ಎಳೆಯಿರಿ. ಮರಳನ್ನು ಒಂದೇ ದಿನ ಪೂರ್ತಿ ಕೆದಕಬೇಡಿ, ವಾರಕ್ಕೆ ಮೂರನೇ ಒಂದು ಭಾಗ ಸಾಕು. ಸಂಪಿನ ತಳವನ್ನೂ ನೋಡಿ. ಹೊಸಬರಿಗೆ ಹೇಳುತ್ತೇನೆ, ಸಂಪ್ ಎಂದರೆ ಅಂಗಳದ ನೀರಿನ ತೊಟ್ಟಿಯಲ್ಲ, ಟ್ಯಾಂಕಿನ ಕೆಳಗೆ ಸ್ಟ್ಯಾಂಡಿನೊಳಗಿರುವ ಗಾಜಿನ ಡಬ್ಬಿ. ನನ್ನ ಸಂಪಿನ ಮೂಲೆಯಲ್ಲಿ ಒಮ್ಮೆ ಎರಡು ಬೆರಳು ದಪ್ಪದ ಕೆಸರಿತ್ತು, ಜೊತೆಗೆ ತಿಂಗಳ ಹಿಂದೆ ಕಾಣೆಯಾಗಿದ್ದ ಬಸವನಹುಳುವಿನ ಚಿಪ್ಪು.

ಐದನೇ ಹೆಜ್ಜೆ: ನೀರು ಬದಲಿಸಿ, ನಿಧಾನವಾಗಿ

40ರಿಂದ 10ಕ್ಕೆ ಒಂದೇ ಏಟಿಗೆ ಇಳಿಸಲು ಮುಕ್ಕಾಲು ಟ್ಯಾಂಕ್ ಚೆಲ್ಲಬೇಕು. ಹವಳ ಅದನ್ನು ತಡೆದುಕೊಳ್ಳುವುದಿಲ್ಲ. ಶೇಕಡಾ 20ರಂತೆ ಬದಲಿಸಿದರೆ, ನಡುವೆ ಏನೂ ಏರದಿದ್ದರೂ ಆರೇಳು ಸಲ ಬೇಕು. ಎರಡು ತಿಂಗಳ ಕೆಲಸ ಎಂದು ಮನಸ್ಸು ಮಾಡಿಕೊಳ್ಳಿ.

40 ಲೀಟರಿಗೆ ಸುಮಾರು ಒಂದೂವರೆ ಕಿಲೋ ರೀಫ್ ಉಪ್ಪು ಬೇಕು. ಕೊನೆಯ ಮಾತು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನದು, 35 ಪಿಪಿಟಿಗೆ (ಸಾವಿರಕ್ಕೆ 35 ಪಾಲು) ಬರಬೇಕು. ನಮ್ಮ ಹವೆಯಲ್ಲಿ ತೆರೆದಿಟ್ಟ ಉಪ್ಪು ನೀರು ಕುಡಿದು ಕಲ್ಲಾಗುತ್ತದೆ, ತೂಕವೂ ಸುಳ್ಳಾಗುತ್ತದೆ. ಬಿಗಿ ಮುಚ್ಚಳದ ಬಕೆಟ್ಟಿಗೆ ಸುರಿದಿಡಿ. ಬೆಂಗಳೂರು, ಚೆನ್ನೈನವರು ಚಿಲ್ಲರ್‌ಗೆ ದುಡ್ಡು ಹಾಕುತ್ತಾರೆ, ನಮಗೆ ಬೇಕಾದದ್ದು ಹೀಟರ್. ಡಿಸೆಂಬರಿನ ಬೆಳಗ್ಗೆ ಬಕೆಟ್ಟಿನ ನೀರು 15 ಡಿಗ್ರಿ ಇರುತ್ತದೆ. ಅದನ್ನು ಹಾಗೇ ಸುರಿಯದೆ 25ಕ್ಕೆ ಕಾಯಿಸಿ, ರಾತ್ರಿಯಿಡೀ ಪಂಪಿನಲ್ಲಿ ತಿರುಗಿಸಿ ಹಾಕಿ.

ಆರನೇ ಹೆಜ್ಜೆ: ನೈಟ್ರೇಟ್ ತಿನ್ನುವವರನ್ನು ಸಾಕಿ

ಇಷ್ಟೆಲ್ಲ ಆದ ಮೇಲೂ ವಾರಕ್ಕೆ ಎರಡೋ ಮೂರೋ ಏರುತ್ತಿದ್ದರೆ ಕಾಯಂ ವ್ಯವಸ್ಥೆ ಬೇಕು. ನನ್ನ ಮೊದಲ ಆಯ್ಕೆ ಸಂಪಿನಲ್ಲಿ ಕೀಟೊ ಪಾಚಿ. ಹಸಿರು ನೈಲಾನ್ ದಾರ ಸಿಕ್ಕುಬಿದ್ದ ಉಂಡೆಯಂತಿರುತ್ತದೆ. ರಾತ್ರಿ ಟ್ಯಾಂಕಿನ ಲೈಟ್ ಆರಿದ ಮೇಲೆ ಅದರ ಲೈಟ್ ಹತ್ತುವಂತೆ ಟೈಮರ್ ಇಡಿ. ಮಳೆಗಾಲದಲ್ಲಿ ಕಿಟಕಿಯೆಲ್ಲ ಮುಚ್ಚಿ, ಒಳಗೆ ಒಲೆ ಉರಿದು, ಮನೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಟ್ಯಾಂಕಿನ ಪಿಎಚ್ 7.8ಕ್ಕೆ ಇಳಿದುಬಿಡುತ್ತದೆ. ರಾತ್ರಿ ಪಾಚಿ ಕೆಲಸ ಮಾಡಿದರೆ ಅದೂ ಸ್ವಲ್ಪ ಏರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಅರ್ಧ ಕಿತ್ತು ಹೊರಹಾಕಿ. ಕಿತ್ತಾಗಲೇ ನೈಟ್ರೇಟ್ ಮನೆ ಬಿಟ್ಟು ಹೋಗುವುದು, ಒಳಗೇ ಕೊಳೆಯಲು ಬಿಟ್ಟರೆ ಎಲ್ಲ ವಾಪಸ್.

ಎರಡನೆಯದು ವಿನೆಗರ್. ಇದರಲ್ಲಿರುವ ಇಂಗಾಲ ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತವೆ, ಮೈ ಬೆಳೆಸಲು ನೀರಿನ ನೈಟ್ರೇಟ್, ಫಾಸ್ಫೇಟ್ ಹೀರುತ್ತವೆ, ಆಮೇಲೆ ಅವನ್ನೇ ಸ್ಕಿಮ್ಮರ್ ನೊರೆಯಲ್ಲಿ ಎತ್ತುತ್ತದೆ. ಸ್ಕಿಮ್ಮರ್ ಇಲ್ಲದವರು ಈ ದಾರಿಗೆ ಬರಬೇಡಿ. ನಾನು ವಿನೆಗರ್ ಅಳೆಯುವುದನ್ನು ಕಂಡು ಪಕ್ಕದ ಮನೆಯ ಮಾವ ಕೇಳಿದರು, "ಮೀನಿಗೆ ಹುಳಿ ಯಾಕೆ? ಬೇಕಾದ್ರೆ ನಮ್ಮನೆ ಕಾಚಂಪುಳಿ ಕೊಡ್ತೇನೆ, ಒಳ್ಳೆ ಕಪ್ಪಗಿದೆ." "ಬೇಡ ಮಾವ, ಅದು ಪಂದಿಕರಿಗೇ ಇರಲಿ" ಎಂದೆ. ತಮಾಷೆಯಲ್ಲ, ಕಾಚಂಪುಳಿ ಹಣ್ಣಿನ ರಸ ಬತ್ತಿಸಿದ್ದು, ಅದರಲ್ಲಿ ಬೇರೆ ಆಮ್ಲ, ಬಣ್ಣ, ಇನ್ನೂ ಏನೇನೋ ಇರುತ್ತದೆ. ಮನೆಯಲ್ಲಿ ಮಾಡಿದ ವೈನ್‌ಗೂ ಇದೇ ಮಾತು. ಬೇಕಾದದ್ದು ಬಣ್ಣವಿಲ್ಲದ, ಶೇಕಡಾ 4–5 ಅಸೆಟಿಕ್ ಆಮ್ಲದ ಬಿಳಿ ವಿನೆಗರ್ ಮಾತ್ರ.

200 ಲೀಟರಿಗೆ ದಿನಕ್ಕೆ 2 ಮಿಲಿಲೀಟರಿನಿಂದ ಶುರು. ಬೆಳಗ್ಗೆ ಲೈಟ್ ಹತ್ತಿದ ಮೇಲೆ, ನೀರು ಜೋರಾಗಿ ಹರಿಯುವ ಕಡೆ ಹಾಕಿ. ವಾರಕ್ಕೊಮ್ಮೆ 2 ಮಿಲಿಲೀಟರ್ ಏರಿಸಿ. ನೈಟ್ರೇಟ್ ಇಳಿಯಲು ತೊಡಗಿದ ದಿನ ಏರಿಸುವುದನ್ನು ನಿಲ್ಲಿಸಿ, 10ಕ್ಕೆ ಬಂದಾಗ ಅಳತೆಯನ್ನು ಅರ್ಧಕ್ಕೆ ತನ್ನಿ. ಕೆಎಚ್, ಅಂದರೆ ನೀರಿನ ಕ್ಷಾರತೆಯ ಅಳತೆ, 8ರ ಆಸುಪಾಸಿನಲ್ಲಿ ಇರಲಿ. ನೀರು ಮಬ್ಬಾದರೆ, ಗಾಜಿನ ಮೇಲೆ ಬಿಳಿ ಲೋಳೆ ಬಂದರೆ ಎರಡು ದಿನ ಬಿಟ್ಟುಬಿಡಿ. ವಾರಗಟ್ಟಲೆ ಹಾಕಿದರೂ ಇಳಿಯದಿದ್ದರೆ ಫಾಸ್ಫೇಟ್ ನೋಡಿ. ಅದು ಸೊನ್ನೆಯಾಗಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಫಾಸ್ಫೇಟ್ ಹಿಡಿಯುವ ಮೀಡಿಯಾವನ್ನು ಹೊರತೆಗೆಯಿರಿ.

ಬೆಳಗ್ಗೆಯೇ ಹಾಕಿ ಎನ್ನುವುದಕ್ಕೆ ಕಾರಣವಿದೆ. ಒಂದು ಜುಲೈನಲ್ಲಿ ಮರೆತು ಸಂಜೆ ಹಾಕಿದೆ, ಅದೂ ಎರಡು ದಿನದ್ದನ್ನು ಸೇರಿಸಿ. ರಾತ್ರಿ ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿತ್ತು, ಕರೆಂಟು ಹೋಯಿತು. ಬೆಳಗ್ಗೆ ಐದಕ್ಕೆ ಟಾರ್ಚ್ ಹಿಡಿದು ನೋಡಿದರೆ ನೀರು ಗಂಜಿ ತಿಳಿಯಂತಾಗಿತ್ತು, ಎರಡು ಕ್ಲೌನ್ ಮೀನುಗಳೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಬ್ಯಾಕ್ಟೀರಿಯಾ ಆಮ್ಲಜನಕವನ್ನೆಲ್ಲ ಕುಡಿದಿದ್ದವು, ಸ್ಕಿಮ್ಮರ್ ನಿಂತಿತ್ತು. ಲೋಟದಲ್ಲಿ ನೀರು ಎತ್ತಿ ಎತ್ತಿ ಸುರಿಯುತ್ತಾ ಎರಡು ಗಂಟೆ ಕೂತೆ. ಮೀನು ಉಳಿದವು, ಸೀಗಡಿ ಉಳಿಯಲಿಲ್ಲ. ಈಗ ಬ್ಯಾಟರಿಯ ಏರ್ ಪಂಪ್ ಸದಾ ಸಿದ್ಧ. ಗಾಳಿ ಮಳೆಯ ಸೂಚನೆ ಇದ್ದ ದಿನ ವಿನೆಗರ್ ಹಾಕುವುದೇ ಇಲ್ಲ.

ಆಳವಾದ ಮರಳಿನ ಹಾಸು, ಗಂಧಕದ ರಿಯಾಕ್ಟರ್ ಕೂಡ ಕೆಲಸ ಮಾಡುತ್ತವೆ. 200 ಲೀಟರಿಗೆ ಅಷ್ಟೊಂದು ಬೇಡ ಎಂಬುದು ನನ್ನ ಅಭಿಪ್ರಾಯ.

ತೀರಾ ಇಳಿದುಹೋದರೆ

ಸೊನ್ನೆಗೆ ಬಂದರೆ ಮೊದಲು ವಿನೆಗರ್ ನಿಲ್ಲಿಸಿ, ತಿಂಡಿ ಸ್ವಲ್ಪ ಹೆಚ್ಚಿಸಿ, ಪಾಚಿಯ ಲೈಟ್ ಕಡಿಮೆ ಮಾಡಿ. ನೈಟ್ರೇಟ್ ಬೇಕಲ್ಲ ಎಂದು ತೋಟದ ಗೋದಾಮಿನ ಕ್ಯಾಲ್ಸಿಯಂ ನೈಟ್ರೇಟ್ ಮೂಟೆಗೆ ಕೈ ಹಾಕಬೇಡಿ. ಗೊಬ್ಬರದ ದರ್ಜೆಯದರಲ್ಲಿ ಅಮೋನಿಯಂ ಕೂಡ ಸೇರಿರುತ್ತದೆ.

ತೆಗೆದ ನೀರು ಎಲ್ಲಿಗೆ

ವಾರಕ್ಕೆ 40 ಲೀಟರ್ ಹಳೆ ನೀರು ಎಂದರೆ ಸುಮಾರು 1.4 ಕಿಲೋ ಉಪ್ಪು. ನೈಟ್ರೇಟ್ ಇದೆ, ಗೊಬ್ಬರವಾಗುತ್ತದೆ ಎಂದು ಮೆಣಸಿನ ಬಳ್ಳಿಯ ಬುಡಕ್ಕೆ ಸುರಿದರೆ ಬಳ್ಳಿ ಸುಟ್ಟುಹೋಗುತ್ತದೆ. ನಾನು ಬಾವಿಯಿಂದ ದೂರದ ಸಿಮೆಂಟ್ ಚರಂಡಿಗೆ ಬಿಡುತ್ತೇನೆ. ಆರ್‌ಒ ಹೊರಹಾಕುವ ನೀರಿನ ಕತೆ ಬೇರೆ. ಅದರಲ್ಲಿ ಕಡಲಿನ ಉಪ್ಪಿಲ್ಲ, ಬಾವಿ ನೀರಿನಲ್ಲಿ ಕರಗಿದ್ದ ಲವಣ, ನೈಟ್ರೇಟ್ ಅಷ್ಟೇ ಗಟ್ಟಿಯಾಗಿ ಉಳಿದಿರುತ್ತದೆ. ಆ ಪೈಪನ್ನು ಅಮ್ಮನ ಆಂಥೂರಿಯಂ ಕುಂಡಗಳ ಕಡೆ ತಿರುಗಿಸಿದ್ದೇನೆ. ಈ ಸಲ ಹೂವು ಚೆನ್ನಾಗಿ ಬಂದಿದೆ, ಸಾಕ್ಸಿನ ಸಿಟ್ಟೂ ಸ್ವಲ್ಪ ಇಳಿದಿದೆ.